‘ಅಂತರರಾಷ್ಟ್ರೀಯ ಒಗ್ಗಟ್ಟು ಮಾನವ ಹಕ್ಕಾಗಬೇಕೇ?’: ಈ ಚರ್ಚೆಗೆ ತಯಾರಾಗುವ ಬಗೆ

ಡಿಸೆಂಬರ್ 10 ಮಾನವ ಹಕ್ಕುಗಳ ದಿನ, ಡಿಸೆಂಬರ್ 20 ವಿಶ್ವಸಂಸ್ಥೆ ಗೊತ್ತುಪಡಿಸಿದ ಮಾನವ ಒಗ್ಗಟ್ಟಿನ ದಿನ. ಈ ಎರಡರ ನಡುವೆ ಚರ್ಚಾಸ್ಪರ್ಧೆ ಇಟ್ಟುಕೊಳ್ಳುವ ಕಾಲೇಜುಗಳಿಗೆ ಇದು ಒಳ್ಳೆಯ ವಿಷಯ. ಆದರೆ ವೇದಿಕೆ ಮೇಲೆ ಇದು ಬಹಳ ಬೇಗ ದಾರಿ ತಪ್ಪುತ್ತದೆ. ಪರ ಮಾತನಾಡುವವರು ‘ಜಗತ್ತೆಲ್ಲ ಒಂದೇ ಕುಟುಂಬ’ ಅನ್ನುತ್ತಾರೆ, ವಿರೋಧಿಸುವವರು ‘ಮೊದಲು ನಮ್ಮ ಬಡವರನ್ನು ನೋಡಿಕೊಳ್ಳೋಣ’ ಅನ್ನುತ್ತಾರೆ. ಎರಡು ಸುತ್ತು ಮುಗಿದರೂ ‘ಹಕ್ಕು’ ಎಂಬ ಪದವನ್ನು ಯಾರೂ ಮುಟ್ಟಿರುವುದಿಲ್ಲ.

ಒಬ್ಬರಿಗೊಬ್ಬರು ನೆರವಾಗಬೇಕು ಎಂಬುದನ್ನು ಎರಡೂ ತಂಡ ಒಪ್ಪುತ್ತವೆ. ಇಲ್ಲಿ ವಾದ ಮಾಡಬೇಕಾದದ್ದು ಅದನ್ನು ಹಕ್ಕು ಎಂದು ಬರೆದಿಡಬಹುದೇ ಎಂಬುದರ ಬಗ್ಗೆ. ಹಕ್ಕು ಅಂದ ಮೇಲೆ ನಾಲ್ಕು ಪ್ರಶ್ನೆಗೆ ಉತ್ತರ ಬೇಕು: ಯಾರಿಗೆ ಸೇರಿದ್ದು, ಕೊಡಬೇಕಾದವರು ಯಾರು, ಏನನ್ನು ಕೊಡಬೇಕು, ಕೊಡದಿದ್ದರೆ ಎಲ್ಲಿ ಕೇಳಬೇಕು. ತಯಾರಿಯ ಮೊದಲ ದಿನವೇ ಈ ನಾಲ್ಕನ್ನು ಒಂದು ಹಾಳೆಯ ತಲೆಗೆ ಬರೆದುಕೊಳ್ಳಿ. ಓದಿನಲ್ಲಿ ಸಿಗುವ ಪ್ರತಿಯೊಂದು ವಿಷಯವೂ ಇವುಗಳಲ್ಲಿ ಯಾವುದಾದರೂ ಒಂದರ ಕೆಳಗೆ ಕೂರಬೇಕು. ಎಲ್ಲೂ ಕೂರದ ಮಾಹಿತಿ ಎಷ್ಟೇ ಚೆನ್ನಾಗಿದ್ದರೂ ಭಾಷಣಕ್ಕೆ ಬೇಡ.

ವಿಷಯವಾಕ್ಯವನ್ನು ಬಿಗಿ ಮಾಡಿ

ಸಂಘಟಕರಿಗೆ ಮೊದಲ ಸಲಹೆ. ‘ಜಗತ್ತಿನ ದೇಶಗಳು ಒಗ್ಗಟ್ಟಾಗಿರಬೇಕು’ ಎಂದು ವಿಷಯ ಕೊಟ್ಟರೆ ವಿರೋಧಿ ತಂಡಕ್ಕೆ ನಿಲ್ಲಲು ನೆಲವೇ ಇರುವುದಿಲ್ಲ. ‘ಒಗ್ಗಟ್ಟು ಮಾನವ ಹಕ್ಕು’ ಎಂದಷ್ಟೇ ಕೊಟ್ಟರೆ ‘ಈಗಾಗಲೇ ಹಕ್ಕಾಗಿದೆಯೇ’ ಎಂಬ ಜಗಳಕ್ಕೂ ‘ಆಗಬೇಕೇ’ ಎಂಬ ಜಗಳಕ್ಕೂ ಗಂಟು ಬೀಳುತ್ತದೆ. ಹೀಗೆ ಕೊಡಿ: ‘ಈ ಸದನದ ಅಭಿಪ್ರಾಯದಲ್ಲಿ, ಅಂತರರಾಷ್ಟ್ರೀಯ ಒಗ್ಗಟ್ಟನ್ನು ಮಾನವ ಹಕ್ಕೆಂದು ಸಾರುವ ಘೋಷಣೆಯನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಬೇಕು.’ ಇದರಲ್ಲಿ ಯಾರು ಮಾಡಬೇಕು, ಏನು ಮಾಡಬೇಕು ಎರಡೂ ಇವೆ. ‘ಘೋಷಣೆ’ ಎಂಬ ಪದವೂ ಮುಖ್ಯ, ಏಕೆಂದರೆ ಘೋಷಣೆ ಬೇರೆ, ಒಪ್ಪಂದ ಬೇರೆ. ಒಪ್ಪಂದ ಸಹಿ ಹಾಕಿ ಸ್ಥಿರೀಕರಿಸಿದ ದೇಶವನ್ನು ಕಟ್ಟಿಹಾಕುತ್ತದೆ, ಘೋಷಣೆ ಹಾಗಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ವೇದಿಕೆ ಹತ್ತಿದವರು ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ವಿಷಯ ಸಡಿಲವಾಗಿಯೇ ಬಂದಿದ್ದರೆ ಪರ ತಂಡದ ಮೊದಲ ಭಾಷಣಕಾರರು ಮೊದಲ ಒಂದೂವರೆ ನಿಮಿಷದಲ್ಲಿ ಅದನ್ನು ಬಿಗಿ ಮಾಡಬೇಕು. ಬಿಗಿ ಮಾಡುವ ನೆಪದಲ್ಲಿ ವಿರೋಧಿಗಳಿಗೆ ಜಾಗವೇ ಉಳಿಯದ ಹಾಗೆ ವ್ಯಾಖ್ಯಾನಿಸಿದರೆ ತೀರ್ಪುಗಾರರು ಅಂಕ ಕತ್ತರಿಸುತ್ತಾರೆ.

ಕರಡನ್ನು ಓದದೆ ಬರಬೇಡಿ

ಈ ಚರ್ಚೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 2005ರಲ್ಲಿ ಅಂದಿನ ಮಾನವ ಹಕ್ಕುಗಳ ಆಯೋಗ ‘ಮಾನವ ಹಕ್ಕುಗಳು ಮತ್ತು ಅಂತರರಾಷ್ಟ್ರೀಯ ಒಗ್ಗಟ್ಟು’ ವಿಷಯಕ್ಕೆ ಸ್ವತಂತ್ರ ತಜ್ಞರ ಹುದ್ದೆಯನ್ನು ಸೃಷ್ಟಿಸಿತು. ಇಂಡೋನೇಷ್ಯಾದ ರೂಡಿ ರಿಜ್ಕಿ, ಫಿಲಿಪೀನ್ಸ್‌ನ ವರ್ಜೀನಿಯಾ ದಂದನ್, ಅವರ ಬಳಿಕ ಒಬಿಯೋರಾ ಒಕಾಫೋರ್ ಈ ಹುದ್ದೆಯಲ್ಲಿದ್ದರು. 2023ರ ಕೊನೆಯಿಂದ ಸೆಸಿಲಿಯಾ ಬೈಲಿಯೆಟ್ ಇದ್ದಾರೆ. ದಂದನ್ ಅವರ ಕಾಲದಲ್ಲಿ, 2017ರಲ್ಲಿ, ಘೋಷಣೆಯ ಕರಡು ಆ ಆಯೋಗದ ಜಾಗಕ್ಕೆ ಬಂದ ಮಾನವ ಹಕ್ಕುಗಳ ಮಂಡಳಿಯ ಮುಂದೆ ಬಂತು. ಒಕಾಫೋರ್ 2023ರಲ್ಲಿ ಪರಿಷ್ಕೃತ ಕರಡು ಕೊಟ್ಟರು. ವಿಧಿಯ ಸಂಖ್ಯೆ ಹೇಳುವಾಗ ಯಾವ ವರ್ಷದ ಕರಡು ಎಂದೂ ಹೇಳಿ. ಒಂದು ತಂಡ ಹಳೆಯದನ್ನೂ ಇನ್ನೊಂದು ತಂಡ ಹೊಸದನ್ನೂ ಹಿಡಿದುಕೊಂಡು ಜಗಳವಾಡಿದರೆ ಸಭಿಕರಿಗೆ ತಲೆಬುಡ ತಿಳಿಯುವುದಿಲ್ಲ.

2017ರ ಕರಡಿನಲ್ಲಿ ಎರಡು ಜಾಗ ಬಾಯಿಪಾಠ ಬರಬೇಕು. ಒಂದು, ಒಗ್ಗಟ್ಟನ್ನು ಮೂರು ಭಾಗ ಮಾಡಿರುವುದು: ಸಮಸ್ಯೆ ಹುಟ್ಟದಂತೆ ಮುಂಚೆಯೇ ತಡೆಯುವ ಒಗ್ಗಟ್ಟು, ವಿಪತ್ತು ಬಂದ ಮೇಲೆ ನೆರವಿಗೆ ಧಾವಿಸುವ ಒಗ್ಗಟ್ಟು, ಮತ್ತು ಅಂತರರಾಷ್ಟ್ರೀಯ ಸಹಕಾರ. ಎರಡು, ಹಕ್ಕನ್ನು ವಿವರಿಸುವ 4ನೇ ವಿಧಿ. ಎಲ್ಲ ಮಾನವ ಹಕ್ಕುಗಳು ಪೂರ್ತಿ ಈಡೇರಬಲ್ಲಂಥ ಸಾಮಾಜಿಕ ಮತ್ತು ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಅರ್ಥಪೂರ್ಣವಾಗಿ ಪಾಲ್ಗೊಳ್ಳಲು, ಅದಕ್ಕೆ ಕೊಡುಗೆ ನೀಡಲು, ಅದರ ಫಲ ಉಣ್ಣಲು ವ್ಯಕ್ತಿಗಳಿಗೂ ಜನಸಮುದಾಯಗಳಿಗೂ ಸಮಾನತೆಯ ಆಧಾರದಲ್ಲಿ ಹಕ್ಕಿದೆ ಎಂಬುದು ಅದರ ಸಾರ. ಇಲ್ಲಿ ಹಕ್ಕುದಾರರು ವ್ಯಕ್ತಿಗಳು ಮತ್ತು ಜನಸಮುದಾಯಗಳು, ಸರ್ಕಾರಗಳಲ್ಲ. ವಿರೋಧಿ ತಂಡ ‘ಇದು ಸರ್ವಾಧಿಕಾರಿಗಳ ಕೈಗೆ ಸಿಗುವ ಹಕ್ಕು’ ಎಂದು ಹೊಡೆಯುವಾಗ ಪರ ತಂಡದ ಮೊದಲ ರಕ್ಷಣೆ ಇದೇ. ‘ಜನಸಮುದಾಯ’ ಎಂದರೆ ಯಾರು, ಅದರ ಪರವಾಗಿ ಬಾಯಿ ಬಿಡುವವರು ಯಾರು ಎಂಬುದು ವಿರೋಧಿಗಳ ಮರುಪ್ರಶ್ನೆ.

ಕರಡು ಇನ್ನೂ ಕರಡಾಗಿಯೇ ಇದೆ, ಸಾಮಾನ್ಯ ಸಭೆ ಅದನ್ನು ಅಂಗೀಕರಿಸಿಲ್ಲ. 47 ಸದಸ್ಯರ ಮಾನವ ಹಕ್ಕುಗಳ ಮಂಡಳಿಯಲ್ಲಿ ಕ್ಯೂಬಾ ಈ ವಿಷಯದ ನಿರ್ಣಯಗಳನ್ನು ಮಂಡಿಸುತ್ತ ಬಂದಿದೆ. ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕದ ಹೆಚ್ಚಿನ ದೇಶಗಳು ಬೆಂಬಲಿಸುತ್ತವೆ, ಐರೋಪ್ಯ ಒಕ್ಕೂಟದ ದೇಶಗಳು ವಿರುದ್ಧ ಮತ ಹಾಕುತ್ತವೆ. ಈ ಒಡಕು ಎರಡೂ ತಂಡಕ್ಕೆ ಮಾತಾಗುತ್ತದೆ. ಕೊಡಬೇಕಾದವರೇ ಬೇಡ ಅನ್ನುತ್ತಿದ್ದಾರೆ ಎಂದು ಪರ ತಂಡ ಹೇಳಬಹುದು. ಕೊಡಬೇಕಾದವರು ಒಪ್ಪದ ಹಕ್ಕು ಯಾರ ಹೊಟ್ಟೆ ತುಂಬಿಸೀತು ಎಂದು ವಿರೋಧಿಗಳು ಕೇಳಬಹುದು.

ಅಳತೆಗೋಲು: 1986ರ ಐದು ಪರೀಕ್ಷೆಗಳು

ಹೊಸ ಹಕ್ಕೊಂದನ್ನು ಒಪ್ಪಬೇಕೇ ಬೇಡವೇ ಎಂದು ಅಳೆಯಲು ವಿಶ್ವಸಂಸ್ಥೆಯದೇ ಅಳತೆಗೋಲು ಇದೆ. ಇದನ್ನು ಬಳಸುವ ತಂಡ ಬಹಳ ಕಡಿಮೆ, ಬಳಸಿದರೆ ಇಡೀ ಚರ್ಚೆಯ ಮಟ್ಟ ಏರುತ್ತದೆ. ಹೊಸ ಹಕ್ಕುಗಳನ್ನು ಸಾರುವುದಕ್ಕೂ ಗುಣಮಟ್ಟದ ನಿಯಂತ್ರಣ ಬೇಕು ಎಂದು ಕಾನೂನು ವಿದ್ವಾಂಸ ಫಿಲಿಪ್ ಆಲ್ಸ್ಟನ್ 1984ರಲ್ಲಿ ವಾದಿಸಿದ್ದರು. 1986ರ ಡಿಸೆಂಬರ್ 4ರಂದು ಸಾಮಾನ್ಯ ಸಭೆ 41/120 ಸಂಖ್ಯೆಯ ನಿರ್ಣಯದಲ್ಲಿ ಮಾರ್ಗಸೂಚಿ ಕೊಟ್ಟಿತು. ಹೊಸ ದಸ್ತಾವೇಜು ಈಗಿರುವ ಮಾನವ ಹಕ್ಕುಗಳ ಕಾನೂನಿಗೆ ಹೊಂದಬೇಕು. ಅದು ಮೂಲಭೂತ ಸ್ವರೂಪದ್ದಾಗಿದ್ದು ಮನುಷ್ಯನ ಸಹಜ ಘನತೆಯಿಂದ ಹುಟ್ಟಿರಬೇಕು. ಗುರುತಿಸಬಹುದಾದ, ನಡೆಸಬಹುದಾದ ಹಕ್ಕು-ಹೊಣೆಗಳು ಅದರಿಂದ ಹೊಮ್ಮುವಷ್ಟು ನಿಖರವಾಗಿರಬೇಕು. ಅಗತ್ಯವಿದ್ದೆಡೆ ಜಾರಿಯ ಕಾರ್ಯಸಾಧ್ಯ ವ್ಯವಸ್ಥೆ ಇರಬೇಕು. ವ್ಯಾಪಕ ಅಂತರರಾಷ್ಟ್ರೀಯ ಬೆಂಬಲ ಸಿಗಬೇಕು.

ಅಭಿವೃದ್ಧಿಯ ಹಕ್ಕಿನ ಘೋಷಣೆ ಅಂಗೀಕಾರವಾದದ್ದೂ ಅದೇ ದಿನ. 146 ದೇಶ ಪರ, ಅಮೆರಿಕ ಒಂದೇ ವಿರುದ್ಧ, 8 ದೇಶ ತಟಸ್ಥ. ಅಂದರೆ ಅಳತೆಗೋಲೂ ಒಗ್ಗಟ್ಟಿನ ಹಕ್ಕುಗಳ ಸಾಲಿನ ದೊಡ್ಡಣ್ಣನೂ ಒಂದೇ ದಿನ ಹುಟ್ಟಿವೆ.

ಪರ ತಂಡ ಮೊದಲ ಎರಡು ಪರೀಕ್ಷೆಯನ್ನು ಸುಲಭವಾಗಿ ದಾಟುತ್ತದೆ. ಮೂರನೆಯದರಲ್ಲಿ ಏದುಸಿರು ಬರುತ್ತದೆ, ನಾಲ್ಕನೆಯದಕ್ಕೆ ತಾನೇ ಒಂದು ಪ್ರಸ್ತಾವ ತರಬೇಕು, ಐದನೆಯದರಲ್ಲಿ ಸೋಲು ಒಪ್ಪಿಕೊಂಡು ಮುಂದೆ ಹೋಗುವುದು ಲೇಸು. ವಿರೋಧಿ ತಂಡ ಐದಕ್ಕೂ ಸಮಯ ಹಂಚಿದರೆ ಕೆಟ್ಟಿತು. ಮೂರು ಮತ್ತು ನಾಲ್ಕನ್ನೇ ಹಿಡಿದು ಕುಳಿತುಕೊಳ್ಳಬೇಕು.

ಪರ ವಾದ ಕಟ್ಟುವ ಕ್ರಮ

ಹೊಸದನ್ನು ಹುಟ್ಟಿಸುತ್ತಿದ್ದೇವೆ ಎಂದು ಹೇಳಬೇಡಿ. ಇರುವುದಕ್ಕೆ ಹೆಸರಿಡುತ್ತಿದ್ದೇವೆ ಎಂದು ಹೇಳಿ. 1948ರ ಸಾರ್ವತ್ರಿಕ ಘೋಷಣೆಯ 28ನೇ ವಿಧಿ ಹಕ್ಕುಗಳು ಪೂರ್ತಿ ಈಡೇರುವಂಥ ಸಾಮಾಜಿಕ ಮತ್ತು ಅಂತರರಾಷ್ಟ್ರೀಯ ವ್ಯವಸ್ಥೆಗೆ ಪ್ರತಿಯೊಬ್ಬರೂ ಅರ್ಹರು ಎನ್ನುತ್ತದೆ, ಮತ್ತು 2017ರ ಕರಡಿನ 4ನೇ ವಿಧಿ ನಿಂತಿರುವುದು ಇದರ ಹೆಗಲ ಮೇಲೆ. ವಿಶ್ವಸಂಸ್ಥೆಯ ಸನ್ನದಿನ 55 ಮತ್ತು 56ನೇ ವಿಧಿಗಳು ಮಾನವ ಹಕ್ಕುಗಳಿಗಾಗಿ ಜೊತೆಯಾಗಿಯೂ ಪ್ರತ್ಯೇಕವಾಗಿಯೂ ಕ್ರಮ ಕೈಗೊಳ್ಳುವುದಾಗಿ ಸದಸ್ಯ ದೇಶಗಳಿಂದ ಮಾತು ಪಡೆದಿವೆ. ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 2(1)ನೇ ವಿಧಿಯಲ್ಲಿ ‘ಅಂತರರಾಷ್ಟ್ರೀಯ ನೆರವು ಮತ್ತು ಸಹಕಾರದ ಮೂಲಕ’ ಎಂಬ ಮಾತಿದೆ. ಇದು 1966ರ ಒಡಂಬಡಿಕೆ, 1976ರಲ್ಲಿ ಜಾರಿಗೆ ಬಂತು, ಭಾರತ 1979ರಲ್ಲಿ ಸೇರಿತು. ಈ ಮೂರರಲ್ಲಿ ಮೊದಲನೆಯದು ಘೋಷಣೆ, ಉಳಿದೆರಡು ಸದಸ್ಯ ದೇಶಗಳನ್ನು ಕಟ್ಟಿಹಾಕುವ ಒಪ್ಪಂದಗಳು.

ಇದರ ಮೇಲೆ 2025ರ ಜುಲೈ 23ರ ಅಂತರರಾಷ್ಟ್ರೀಯ ನ್ಯಾಯಾಲಯದ ಸಲಹಾ ಅಭಿಪ್ರಾಯವನ್ನು ಇಡಿ. ಹವಾಮಾನ ಬದಲಾವಣೆ ಕುರಿತ ಈ ಅಭಿಪ್ರಾಯದಲ್ಲಿ, ಪರಿಸರ ರಕ್ಷಣೆಗೆ ಸಹಕರಿಸುವ ಹೊಣೆ ರೂಢಿಗತ ಅಂತರರಾಷ್ಟ್ರೀಯ ಕಾನೂನಿನದು ಎಂದು ನ್ಯಾಯಾಲಯ ಹೇಳಿದೆ. ಅಂದರೆ ಯಾವ ಒಪ್ಪಂದಕ್ಕೂ ಸಹಿ ಹಾಕದ ದೇಶಕ್ಕೂ ಆ ಹೊಣೆ ಉಂಟು. ಈ ಪ್ರಕರಣದ ಬೇರು 2019ರಲ್ಲಿ ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಶುರು ಮಾಡಿದ ಅಭಿಯಾನದಲ್ಲಿದೆ. ವನುವಾಟು ಸರ್ಕಾರ ಅದನ್ನು ಕೈಗೆತ್ತಿಕೊಂಡಿತು, 2023ರ ಮಾರ್ಚ್‌ನಲ್ಲಿ ಸಾಮಾನ್ಯ ಸಭೆ ನ್ಯಾಯಾಲಯದ ಅಭಿಪ್ರಾಯ ಕೇಳಿತು. ವಿದ್ಯಾರ್ಥಿಗಳೇ ತುಂಬಿದ ಸಭಾಂಗಣದಲ್ಲಿ ಈ ಮಾತಿಗೆ ಬೇರೆಯೇ ತೂಕ ಬರುತ್ತದೆ, ಬಳಸಿ. ಆದರೆ ‘ತೀರ್ಪು’ ಅನ್ನಬೇಡಿ. ಸಲಹಾ ಅಭಿಪ್ರಾಯ ನೇರವಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ, ಎದುರು ತಂಡ ಅದೇ ಒಂದು ಪದಕ್ಕೆ ಕಾದಿರುತ್ತದೆ.

‘ಒಗ್ಗಟ್ಟು ನ್ಯಾಯಾಲಯದಲ್ಲಿ ನಿಲ್ಲುವ ವಸ್ತುವೇ ಅಲ್ಲ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದಕ್ಕೆ ಎರಡು ಪ್ರಕರಣ ಸಿದ್ಧವಿರಲಿ. ಮೊದಲನೆಯದು ಫ್ರಾನ್ಸಿನದು. ಇಟಲಿಯ ಗಡಿ ದಾಟಿ ಬಂದ ವಲಸಿಗರಿಗೆ ನೆರವಾದ ರೈತ ಸೆಡ್ರಿಕ್ ಎರೂ ಮೇಲೆ ಮೊಕದ್ದಮೆ ಬಿತ್ತು. 2018ರ ಜುಲೈ 6ರಂದು ಫ್ರಾನ್ಸಿನ ಸಾಂವಿಧಾನಿಕ ಪರಿಷತ್ತು ಭ್ರಾತೃತ್ವಕ್ಕೆ ಸಂವಿಧಾನದ ಬಲವಿದೆ ಎಂದಿತು, ಮಾನವೀಯ ಉದ್ದೇಶದಿಂದ ಇನ್ನೊಬ್ಬರಿಗೆ ನೆರವಾಗುವ ಸ್ವಾತಂತ್ರ್ಯ ಅದರಿಂದ ಹುಟ್ಟುತ್ತದೆ ಎಂದಿತು. ಎರಡನೆಯದು ಐರೋಪ್ಯ ಒಕ್ಕೂಟದ್ದು. ರಷ್ಯದ ಅನಿಲವನ್ನು ಜರ್ಮನಿಯೊಳಗೆ ಸಾಗಿಸುತ್ತಿದ್ದ ಒಪಾಲ್ ಕೊಳವೆಮಾರ್ಗದ ವಿಷಯದಲ್ಲಿ ಪೋಲೆಂಡಿನ ಹಿತವನ್ನು ಪರಿಗಣಿಸಿಲ್ಲವೆಂಬ ವಿವಾದ. ಇಂಧನ ಒಗ್ಗಟ್ಟು ಬರೀ ರಾಜಕೀಯ ಮಾತಲ್ಲ, ನ್ಯಾಯಾಲಯ ಪರಿಶೀಲಿಸಬಲ್ಲ ಕಾನೂನಿನ ತತ್ವ ಎಂದು ಒಕ್ಕೂಟದ ನ್ಯಾಯಾಲಯ 2021ರ ಜುಲೈ 15ರಂದು ಎತ್ತಿಹಿಡಿಯಿತು. ಎರಡರಲ್ಲಿ ಫ್ರಾನ್ಸಿನ ಪ್ರಕರಣವೇ ಹೆಚ್ಚು ಗಟ್ಟಿ, ಅಲ್ಲಿ ಹಕ್ಕುದಾರ ಒಬ್ಬ ಮನುಷ್ಯ. ಒಪಾಲ್ ಪ್ರಕರಣದಲ್ಲಿ ಜಗಳ ಸರ್ಕಾರಗಳ ನಡುವಿನದು, ಅದನ್ನು ಒತ್ತಿ ಹೇಳಿದಷ್ಟೂ ಎದುರಾಳಿಗೆ ಅನುಕೂಲ.

‘ಇಂಥ ಘೋಷಣೆಗಳು ಕಾಗದದ ಮೇಲೆಯೇ ಉಳಿಯುತ್ತವೆ’ ಎಂಬ ಮಾತಿಗೆ ನಮ್ಮ ರಾಜ್ಯದ್ದೇ ಉತ್ತರವಿದೆ. ಶಿಕ್ಷಣ ನಮ್ಮ ಸಂವಿಧಾನದಲ್ಲಿ ರಾಜ್ಯ ನಿರ್ದೇಶಕ ತತ್ವವಾಗಿತ್ತು, 37ನೇ ವಿಧಿಯ ಪ್ರಕಾರ ಅದನ್ನು ನ್ಯಾಯಾಲಯದಲ್ಲಿ ಕೇಳುವಂತಿರಲಿಲ್ಲ. ವೈದ್ಯಕೀಯ ಕಾಲೇಜಿನ ಕ್ಯಾಪಿಟೇಶನ್ ಶುಲ್ಕದ ವಿಚಾರದಲ್ಲಿ ಬಂದ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಶಿಕ್ಷಣ ಹಕ್ಕು ಎಂದಿತು. 1993ರಲ್ಲಿ ಉನ್ನಿಕೃಷ್ಣನ್ ತೀರ್ಪು ಅದನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು, 2002ರ 86ನೇ ತಿದ್ದುಪಡಿ 21-ಎ ವಿಧಿಯನ್ನು ತಂದಿತು, 2010ರ ಏಪ್ರಿಲ್ 1ಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಜಾಗತಿಕ ಉದಾಹರಣೆಯೂ ಬೇಕಿದ್ದರೆ ಸ್ವಚ್ಛ ಪರಿಸರದ ಹಕ್ಕು ಇದೆ. 1972ರ ಸ್ಟಾಕ್‌ಹೋಮ್ ಘೋಷಣೆಯ ಮೊದಲ ತತ್ವದಿಂದ 2022ರ ಜುಲೈ 28ರ ಸಾಮಾನ್ಯ ಸಭೆಯ ನಿರ್ಣಯದ ತನಕ 50 ವರ್ಷ, ಕೊನೆಗೆ 161 ಮತ ಪರ, ವಿರುದ್ಧ ಒಂದೂ ಇಲ್ಲ, 8 ದೇಶ ತಟಸ್ಥ.

ಪರ ತಂಡದ ಅತಿ ದೊಡ್ಡ ತಪ್ಪು ದುಡ್ಡಿನ ಮಾತು ಎತ್ತುವುದು. ‘ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ 0.7% ಕೊಡಲೇಬೇಕು’ ಎಂದ ಕೂಡಲೇ ಸೋಲು ಶುರು. 1970ರಲ್ಲಿ ಸಾಮಾನ್ಯ ಸಭೆ ಇಟ್ಟ ಆ ಗುರಿ ಸ್ವಯಂಪ್ರೇರಿತ, ತಲುಪಿದ ದೇಶಗಳು ಬೆರಳೆಣಿಕೆ. ಒಬ್ಬ ವ್ಯಕ್ತಿಗೆ ಇನ್ನೊಂದು ದೇಶದ ಬೊಕ್ಕಸದ ಮೇಲೆ ಹಕ್ಕಿದೆ ಎಂದು ಯಾವ ತೀರ್ಪುಗಾರರನ್ನೂ ಆರು ನಿಮಿಷದಲ್ಲಿ ಒಪ್ಪಿಸಲಾಗದು. ಹೊಣೆಯನ್ನು ಮೂರು ಮೆಟ್ಟಿಲು ಮಾಡಿ: ಬೇರೆ ದೇಶದ ಜನರ ಹಕ್ಕಿಗೆ ಕಲ್ಲು ಹಾಕದಿರುವುದು, ನೆರವಾಗುವವರನ್ನು ಅಪರಾಧಿ ಮಾಡದಿರುವುದು, ಅಂತರರಾಷ್ಟ್ರೀಯ ನಿರ್ಧಾರಗಳಲ್ಲಿ ಬಾಧಿತರಿಗೆ ಮಾತು ಕೊಡುವುದು. ಈ ಮೂರಕ್ಕೂ ದುಡ್ಡು ಬೇಕಿಲ್ಲ, ಮೂರೂ ನಿಖರ. 41/120ರ ಮೂರನೇ ಪರೀಕ್ಷೆ ದಾಟಲು ಇದೇ ದಾರಿ.

ವಿರೋಧ ವಾದ ಕಟ್ಟುವ ಕ್ರಮ

ಮೊದಲ ವಾಕ್ಯದಲ್ಲೇ ನೀವು ಒಗ್ಗಟ್ಟಿನ ಪರ ಇದ್ದೀರಿ ಎಂದು ಹೇಳಿಬಿಡಿ. ‘ನಮ್ಮ ತೆರಿಗೆ ದುಡ್ಡು ಹೊರಗಿನವರಿಗೇಕೆ’ ಎಂಬ ದನಿ ಎತ್ತಿದರೆ ಚಪ್ಪಾಳೆ ಸಿಗಬಹುದು, ಗೆಲುವು ಸಿಗುವುದಿಲ್ಲ. ಆ ದನಿ ತಪ್ಪು ಕೂಡ.

ನಿಮ್ಮ ಮುಖ್ಯ ವಾದ ಅನಿಶ್ಚಿತತೆಯದು. ಚಿತ್ರಹಿಂಸೆಗೆ ಒಳಗಾಗದಿರುವ ಹಕ್ಕು ಮುರಿದರೆ ಮುರಿದವನ ಹೆಸರು ಹೇಳಬಹುದು. ಒಗ್ಗಟ್ಟಿನ ಹಕ್ಕು ಮುರಿದರೆ 193 ದೇಶಗಳಲ್ಲಿ ಯಾವುದರ ತಪ್ಪು? ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲವೆಂದಾಗುತ್ತದೆ. ಯುರೋಪಿನ ನಿರಾಶ್ರಿತರ ಹಂಚಿಕೆ ಇದಕ್ಕೆ ತಕ್ಕ ಸಾಕ್ಷಿ. 2015ರಲ್ಲಿ ಐರೋಪ್ಯ ಒಕ್ಕೂಟ ಇಟಲಿ ಮತ್ತು ಗ್ರೀಸ್‌ನಿಂದ 1,60,000 ಆಶ್ರಯಾರ್ಥಿಗಳನ್ನು ಇತರ ಸದಸ್ಯ ದೇಶಗಳಿಗೆ ಹಂಚಲು ಗುರಿ ಇಟ್ಟಿತು. ಒಪ್ಪಂದದಲ್ಲೇ ಒಗ್ಗಟ್ಟಿನ ವಿಧಿಯಿತ್ತು, ಹಂಚಿಕೆಯ ಲೆಕ್ಕವಿತ್ತು, ನ್ಯಾಯಾಲಯವೂ ಇತ್ತು. ನಿಜವಾಗಿ ಸ್ಥಳಾಂತರವಾದವರು ಸುಮಾರು 35,000. ಪೋಲೆಂಡ್, ಹಂಗೇರಿ, ಚೆಕ್ ಗಣರಾಜ್ಯ ಹೊಣೆ ತಪ್ಪಿಸಿಕೊಂಡವು ಎಂದು ನ್ಯಾಯಾಲಯ ಹೇಳಿದ್ದು 2020ರ ಏಪ್ರಿಲ್ 2ರಂದು, ಯೋಜನೆಯ ಅವಧಿ ಮುಗಿದ ಎಷ್ಟೋ ದಿನದ ಮೇಲೆ. ಇಷ್ಟೆಲ್ಲ ಯಂತ್ರಾಂಗ ಇದ್ದ ಕಡೆಯೇ ಹೀಗಾದರೆ ಯಾವುದೂ ಇಲ್ಲದ ಜಾಗತಿಕ ಮಟ್ಟದಲ್ಲಿ ಏನಾದೀತು ಎಂದು ಕೇಳಿ, ಉತ್ತರಕ್ಕೆ ಎರಡು ಕ್ಷಣ ಸುಮ್ಮನಿರಿ.

ಎರಡನೆಯದು ದುರ್ಬಳಕೆ. ‘ಒಗ್ಗಟ್ಟಿನ ಹಕ್ಕು ಈಡೇರಿಲ್ಲ, ಅದಕ್ಕೇ ನಮ್ಮಲ್ಲಿ ಪತ್ರಿಕಾ ಸ್ವಾತಂತ್ರ್ಯ ಇಲ್ಲ’ ಎಂದು ಸರ್ಕಾರವೊಂದು ತನ್ನ ಪ್ರಜೆಗೆ ಹೇಳಲು ದಾರಿಯಾಗುತ್ತದೆ ಎಂಬ ವಾದ. ಇದಕ್ಕೆ ಕಾಲ್ಪನಿಕ ಉದಾಹರಣೆ ಕಟ್ಟುವ ಬದಲು ವಿಪತ್ತಿನ ನೆರವಿನ ಕಡೆ ಬನ್ನಿ. 2008ರ ನರ್ಗಿಸ್ ಚಂಡಮಾರುತದ ಬಳಿಕ ಮ್ಯಾನ್ಮಾರಿನ ಸೇನಾಡಳಿತ ಹೊರಗಿನ ನೆರವಿಗೆ ವಾರಗಟ್ಟಲೆ ಅಡ್ಡಗಾಲು ಹಾಕಿತು. ನೆರವು ಕೊಡಲು ಜಗತ್ತು ಸಿದ್ಧವಿತ್ತು, ತಡೆದದ್ದು ಆ ಜನರದೇ ಸರ್ಕಾರ. ಭಾರತವೂ 2004ರ ಸುನಾಮಿಯಲ್ಲಿ, 2018ರ ಕೇರಳ ನೆರೆಯಲ್ಲಿ ವಿದೇಶಿ ಸರ್ಕಾರಗಳ ನೆರವು ಬೇಡ ಎಂದಿತ್ತು. ಇಲ್ಲಿ ಪರ ತಂಡ ಎದ್ದು ನಿಂತು, ‘ಹಕ್ಕು ವ್ಯಕ್ತಿಯದ್ದಾದರೆ ಅವನ ಸರ್ಕಾರ ಬೇಡ ಅನ್ನಲು ಯಾರು?’ ಎಂದು ಕೇಳುತ್ತದೆ. ಒಳ್ಳೆಯ ಪ್ರಶ್ನೆ. ಸಾರ್ವಭೌಮತ್ವದ ಬಗ್ಗೆ ನಿಮ್ಮ ನಿಲುವು ಮೊದಲೇ ತೀರ್ಮಾನವಾಗಿರದಿದ್ದರೆ ತಂಡದ ಇಬ್ಬರು ಎರಡು ಉತ್ತರ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು.

ಬರೀ ಬೇಡ ಅನ್ನುವುದು ಸಾಲದು, ಬದಲಿ ದಾರಿ ಕೊಡಿ. ನಿರ್ದಿಷ್ಟ ವಿಷಯಕ್ಕೆ ನಿರ್ದಿಷ್ಟ ಒಪ್ಪಂದ, ಅದಕ್ಕೊಂದು ನಿಧಿ. 2022ರಲ್ಲಿ ಶರ್ಮ್ ಎಲ್-ಶೇಖ್‌ನಲ್ಲಿ ಒಪ್ಪಿ 2023ರಲ್ಲಿ ದುಬೈನಲ್ಲಿ ಚಾಲನೆಗೆ ತಂದ ಹವಾಮಾನ ನಷ್ಟ-ಹಾನಿ ನಿಧಿಯನ್ನು ಮುಂದಿಡಬಹುದು. ಹಕ್ಕಿನ ಭಾಷೆಯನ್ನು ಬದಿಗಿಟ್ಟದ್ದರಿಂದಲೇ ಶ್ರೀಮಂತ ದೇಶಗಳು ಅದಕ್ಕೆ ಒಪ್ಪಿದವು ಎಂಬುದು ನಿಮ್ಮ ವಾದ. ಪ್ಯಾರಿಸ್ ಒಪ್ಪಂದದ ಜೊತೆಗೆ 2015ರಲ್ಲಿ ಬಂದ ನಿರ್ಧಾರದಲ್ಲೇ, ನಷ್ಟ-ಹಾನಿಯ ವಿಧಿ ಹೊಣೆಗಾರಿಕೆಗೂ ಪರಿಹಾರಕ್ಕೂ ಆಧಾರವಾಗದು ಎಂಬ ಮಾತಿದೆ. ಪರ ತಂಡ ಅದನ್ನೇ ತಿರುಗಿಸಿ, ಹಕ್ಕಿಲ್ಲದಿದ್ದರೆ ಸಿಗುವುದು ದಾನ ಮಾತ್ರ, ದಾನ ಎಷ್ಟು ಎಂಬುದು ಕೊಡುವವನ ಇಷ್ಟ ಎನ್ನುತ್ತದೆ. ಈ ತಿರುಗುಬಾಣಕ್ಕೆ ತಯಾರಿರಿ.

ಎರಡೂ ಕಡೆಗೆ ಹರಿಯುವ ಎರಡು ಪ್ರಸಂಗಗಳು

ಕೋವಿಡ್ ಲಸಿಕೆಯ ದಿನಾಂಕಗಳನ್ನು ಎರಡೂ ತಂಡ ಕಂಠಪಾಠ ಮಾಡಲೇಬೇಕು. 2020ರ ಅಕ್ಟೋಬರ್ 2ರಂದು ಭಾರತ ಮತ್ತು ದಕ್ಷಿಣ ಆಫ್ರಿಕ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೋವಿಡ್ ಔಷಧ-ಲಸಿಕೆಗಳ ಮೇಲಿನ ಬೌದ್ಧಿಕ ಆಸ್ತಿ ಹಕ್ಕುಗಳಿಗೆ ತಾತ್ಕಾಲಿಕ ವಿನಾಯಿತಿ ಕೇಳಿದವು. ನಿರ್ಧಾರ ಬಂದದ್ದು 2022ರ ಜೂನ್ 17ರಂದು, ಅದೂ ಲಸಿಕೆಗಳ ಪೇಟೆಂಟ್‌ಗೆ ಸೀಮಿತವಾಗಿ. ಈ ನಡುವೆ 20 ತಿಂಗಳು ಉರುಳಿದ್ದವು. 2021ರ ಕೊನೆಗೆ 200 ಕೋಟಿ ಡೋಸ್ ಹಂಚುವ ಗುರಿಯಿಟ್ಟ ಕೋವ್ಯಾಕ್ಸ್ (ಬಡ ದೇಶಗಳಿಗೂ ಲಸಿಕೆ ತಲುಪಿಸುವ ಜಾಗತಿಕ ಯೋಜನೆ) ತನ್ನ 100ನೇ ಕೋಟಿ ಡೋಸ್ ತಲುಪಿಸಿದ್ದು 2022ರ ಜನವರಿ ಮಧ್ಯದಲ್ಲಿ. ಇಲ್ಲಿಯವರೆಗೆ ಇದು ಪರ ತಂಡದ ಕಥೆ.

ಈಗ ಅದೇ ಕಾಗದವನ್ನು ತಿರುವಿ ನೋಡಿ. 2021ರ ಜನವರಿ 20ರಂದು ಭಾರತ ‘ಲಸಿಕಾ ಮೈತ್ರಿ’ ಶುರು ಮಾಡಿತು, ಮೊದಲ ಪೆಟ್ಟಿಗೆಗಳು ಭೂತಾನ್ ಮತ್ತು ಮಾಲ್ಡೀವ್ಸ್‌ಗೆ ಹೋದವು. ಎರಡನೇ ಅಲೆ ಏಳುತ್ತಿದ್ದಂತೆ ರಫ್ತು ನಿಂತಿತು. ಪುಣೆಯ ಲಸಿಕೆಯನ್ನೇ ನೆಚ್ಚಿಕೊಂಡಿದ್ದ ಕೋವ್ಯಾಕ್ಸ್‌ಗೆ ದೊಡ್ಡ ಹೊಡೆತ ಬಿತ್ತು. ವಿರೋಧಿ ತಂಡದ ಅತ್ಯಂತ ಹರಿತವಾದ ಪ್ರಶ್ನೆ ಇಲ್ಲಿದೆ: ‘ಒಗ್ಗಟ್ಟು ಹಕ್ಕಾಗಿದ್ದರೆ 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು ನಿಂತಿದ್ದಾಗ, ಭಾರತ ಲಸಿಕೆ ರಫ್ತು ಮುಂದುವರಿಸಬೇಕಿತ್ತೇ?’ ಹೌದು ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ಪರ ತಂಡ ತಡಬಡಾಯಿಸದೆ ಹೀಗೆ ಉತ್ತರಿಸಬೇಕು: ‘ಒಡಂಬಡಿಕೆ ಕೇಳುವುದು ಲಭ್ಯ ಸಂಪನ್ಮೂಲದ ಮಿತಿಯೊಳಗಿನ ಕ್ರಮವನ್ನು. ಅಂದು ಡೋಸ್ ಕೊರತೆಯಿತ್ತು, ಅದನ್ನು ಒಪ್ಪುತ್ತೇವೆ. ಆದರೆ ಕೊರತೆ ಹುಟ್ಟಿದ್ದೇ ಆರು ತಿಂಗಳ ಹಿಂದೆ ಕೇಳಿದ ವಿನಾಯಿತಿಯನ್ನು ಕೊಡದೆ ಉತ್ಪಾದನೆಯನ್ನು ಕೆಲವೇ ಕೈಗಳಲ್ಲಿ ಇಟ್ಟದ್ದರಿಂದ. ಕರಡು ಮುಂಚೆಯೇ ತಡೆಯುವ ಒಗ್ಗಟ್ಟನ್ನು ಪ್ರತ್ಯೇಕವಾಗಿ ಹೆಸರಿಸಿರುವುದು ಇದಕ್ಕೇ.’ ಪೇಟೆಂಟ್ ಬಿಟ್ಟ ಮಾತ್ರಕ್ಕೆ ಆರು ತಿಂಗಳಲ್ಲಿ ಕಾರ್ಖಾನೆ ಏಳುತ್ತಿತ್ತೇ ಎಂಬ ಮರುಪ್ರಶ್ನೆ ನ್ಯಾಯವಾದದ್ದೇ. ಅಲ್ಲಿಗೆ ಚರ್ಚೆ ನಿಜವಾದ ಜಾಗಕ್ಕೆ ಬಂದಿರುತ್ತದೆ.

ಎರಡನೇ ಪ್ರಸಂಗ ಮನೆಯ ಹತ್ತಿರದ್ದು. 1960ರ ಸುಮಾರಿಗೆ ಅಂದಿನ ಮೈಸೂರು ರಾಜ್ಯ ಟಿಬೆಟಿನ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ಶಿಬಿರಗಳಾದವು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಇಂದಿಗೂ ಸಹಿ ಹಾಕಿಲ್ಲ, ಅಂದರೆ ಯಾವ ಒಪ್ಪಂದವೂ ಕೇಳದೆಯೇ ಇದು ನಡೆಯಿತು. ಹಕ್ಕಿಲ್ಲದೆಯೂ ಒಗ್ಗಟ್ಟು ಸಾಧ್ಯ ಎಂದು ವಿರೋಧಿಗಳು ಹೇಳಲಿ. ಪರ ತಂಡದವರು ಅದೇ ನೆಲದಲ್ಲಿ ನಿಂತು ರೋಹಿಂಗ್ಯಾಗಳ ವಿಷಯ ಎತ್ತಬೇಕು. ಜಮ್ಮುವಿನಲ್ಲಿ ಬಂಧನದಲ್ಲಿದ್ದ ರೋಹಿಂಗ್ಯಾಗಳನ್ನು ಕಾರ್ಯವಿಧಾನ ಪಾಲಿಸಿ ಗಡೀಪಾರು ಮಾಡಲು ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟು 2021ರ ಏಪ್ರಿಲ್ 8ರಂದು ಮಧ್ಯಂತರ ಆದೇಶ ಕೊಟ್ಟಿತು. ಒಬ್ಬರಿಗೆ ಜಮೀನು, ಇನ್ನೊಬ್ಬರಿಗೆ ಗಡೀಪಾರಿನ ಭಯ. ಬರೀ ಸದ್ಭಾವನೆ ಅಂದಂದಿನ ರಾಜಕೀಯವನ್ನು ನೋಡಿಕೊಂಡು ಹರಿಯುತ್ತದೆ, ಹಕ್ಕು ಬೇಕಾಗಿರುವುದು ಅದಕ್ಕೇ ಎಂಬುದು ವಾದ. ಯಾವ ತಂಡವೂ ಈ ಎರಡು ಜನರನ್ನು ಒಬ್ಬರ ವಿರುದ್ಧ ಇನ್ನೊಬ್ಬರನ್ನು ಎತ್ತಿಕಟ್ಟುವ ಹಾಗೆ ಮಾತನಾಡಬಾರದು. ಸಭಾಂಗಣದಲ್ಲಿ ಟಿಬೆಟಿನ ವಿದ್ಯಾರ್ಥಿಗಳೂ ಕುಳಿತಿರಬಹುದು.

ಸಮಯ ಮತ್ತು ಪಾಲು ಹಂಚಿಕೆ

ಈ ವಿಷಯಕ್ಕೆ ಪ್ರತಿ ಕಡೆಗೂ ಮೂವರ ತಂಡ, ತಲಾ 6 ನಿಮಿಷ, ಕೊನೆಗೆ ಪ್ರತಿ ತಂಡಕ್ಕೆ 3 ನಿಮಿಷದ ಖಂಡನೆ ಬೇಕು. ಅಂತರ ಕಾಲೇಜು ಸ್ಪರ್ಧೆಗಳಲ್ಲಿ ಕೊಡುವ 4 ನಿಮಿಷ ಈ ವಿಷಯಕ್ಕೆ ಸಾಲದು, ವ್ಯಾಖ್ಯಾನಕ್ಕೇ ಒಂದೂವರೆ ನಿಮಿಷ ಹೋಗುತ್ತದೆ. ಎಚ್ಚರಿಕೆ ಗಂಟೆ 5ನೇ ನಿಮಿಷಕ್ಕೆ. ಪ್ರಶ್ನೆಗೆ ಅವಕಾಶ 1ನೇ ನಿಮಿಷದಿಂದ 5ನೇ ನಿಮಿಷದವರೆಗೆ ಮಾತ್ರ, ಒಂದು ಪ್ರಶ್ನೆಗೆ 15 ಸೆಕೆಂಡು. ಕನ್ನಡದಲ್ಲಿ ಸ್ಪಷ್ಟವಾಗಿ ಮಾತನಾಡಿದರೆ ನಿಮಿಷಕ್ಕೆ ಸುಮಾರು 100 ಪದ. ಆರು ನಿಮಿಷಕ್ಕೆ 600 ಪದ ಬರೆದುಕೊಂಡು ಬಂದರೆ ಪ್ರಶ್ನೆಗೆ ಉತ್ತರಿಸಲು ಜಾಗ ಉಳಿಯುವುದಿಲ್ಲ, 450ಕ್ಕೆ ನಿಲ್ಲಿಸಿ.

ಪರ ತಂಡದ ಮೊದಲಿಗರು ವ್ಯಾಖ್ಯಾನ, ನಾಲ್ಕು ಪ್ರಶ್ನೆಗಳ ಉತ್ತರ, ಕಾನೂನಿನ ಬುಡ ಹೇಳಿ ಕೂರಬೇಕು. ಎರಡನೆಯವರ ಪಾಲಿಗೆ ಮೂರು ಮೆಟ್ಟಿಲಿನ ಹೊಣೆ ಮತ್ತು ಜಾರಿಯ ಪ್ರಸ್ತಾವ. ಪ್ರಸ್ತಾವ ಸರಳವಾಗಿರಲಿ: ಮಾನವ ಹಕ್ಕುಗಳ ಮಂಡಳಿ 2008ರಿಂದ ನಡೆಸುತ್ತಿರುವ, ಪ್ರತಿ ದೇಶವೂ ಸರದಿಯ ಮೇಲೆ ಎದುರಿಸುವ ಪರಿಶೀಲನೆಯಲ್ಲಿ ಇದಕ್ಕೊಂದು ಅಧ್ಯಾಯ. ಹೊಸ ನ್ಯಾಯಾಲಯ ಕಟ್ಟುತ್ತೇವೆ ಎನ್ನಬೇಡಿ. ಮೂರನೆಯವರು ಹೊಸ ವಾದ ತರುವಂತಿಲ್ಲ, ಎದುರಾಳಿಯ ಎರಡು ಗಟ್ಟಿ ವಾದಗಳನ್ನು ಆರಿಸಿ ಮುರಿಯಬೇಕು. ವಿರೋಧಿ ತಂಡದಲ್ಲಿ ಅನಿಶ್ಚಿತತೆ ಮೊದಲಿಗರಿಗೆ, ದುರ್ಬಳಕೆ ಮತ್ತು ಬದಲಿ ದಾರಿ ಎರಡನೆಯವರಿಗೆ.

ಟಿಪ್ಪಣಿಗೆ ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟು ಆರು ಕಾಲಂ ಮಾಡಿ, ಪ್ರತಿ ಭಾಷಣಕ್ಕೆ ಒಂದು. ಎದುರಾಳಿಯದು ಕೆಂಪು ಶಾಯಿ, ನಿಮ್ಮದು ನೀಲಿ. ಒಂದು ವಾದಕ್ಕೆ ಉತ್ತರ ಸಿಕ್ಕರೆ ಬಾಣ ಎಳೆಯಿರಿ, ಸಿಗದಿದ್ದರೆ ಸುತ್ತು ಹಾಕಿ. ಖಂಡನೆಗೆ ನಿಂತಾಗ ಸುತ್ತು ಹಾಕಿದ್ದನ್ನು ಮಾತ್ರ ಓದಿ.

ಖಂಡನೆಯ ಅಭ್ಯಾಸ

ಮನೆಯಲ್ಲಿ ಇಬ್ಬರು ಎದುರುಬದುರು ಕುಳಿತು 30 ಸೆಕೆಂಡಿನ ಉತ್ತರ ರೂಢಿಸಿಕೊಳ್ಳಿ. ಎದುರಾಳಿ ಹೇಳಿದ್ದನ್ನು ಒಂದೇ ವಾಕ್ಯದಲ್ಲಿ ಅವರು ತಲೆಯಾಡಿಸುವಷ್ಟು ನಿಯತ್ತಾಗಿ ಹೇಳಿ, ಆಮೇಲೆ ಉತ್ತರ. ‘ದೂರು ಎಲ್ಲಿ ಕೊಡಬೇಕು?’ ಎಂಬ ಪ್ರಶ್ನೆಗೆ ‘ವಿಶ್ವಸಂಸ್ಥೆಗೆ’ ಎಂಬುದು ಬಡ ಉತ್ತರ. ಇದನ್ನು ಹೇಳಿ ನೋಡಿ: ‘ದೂರಿನ ಕಟ್ಟೆ ಇಲ್ಲವಾದ್ದರಿಂದ ಇದು ಹಕ್ಕೇ ಅಲ್ಲ ಎನ್ನುತ್ತಾರೆ ನನ್ನ ಗೆಳೆಯರು. 1948ರ ಘೋಷಣೆಗೂ ದೂರಿನ ಕಟ್ಟೆ ಇರಲಿಲ್ಲ. ಅದರಿಂದ ಒಡಂಬಡಿಕೆಗಳು ಹುಟ್ಟಲು 18 ವರ್ಷ, ಜಾರಿಗೆ ಬರಲು ಮತ್ತೆ 10 ವರ್ಷ ಹಿಡಿಯಿತು. ಇದೇ ತರ್ಕ ಹಿಡಿದಿದ್ದರೆ 1948ರಲ್ಲೂ ನಾವು ಬೇಡ ಅನ್ನಬೇಕಿತ್ತು.’ ಇದಕ್ಕೆ ವಿರೋಧಿಗಳ ಮರುಮಾತು: ‘1948ರಲ್ಲಿ ಯಾವ ದೇಶವೂ ವಿರುದ್ಧ ಮತ ಹಾಕಲಿಲ್ಲ, 8 ದೇಶ ತಟಸ್ಥವಿದ್ದವು ಅಷ್ಟೆ. ಇಲ್ಲಿ ಹೊಣೆ ಹೊರಬೇಕಾದವರೇ ವಿರುದ್ಧ ಇದ್ದಾರೆ.’ ಈ ಸರಪಳಿಯನ್ನು ನಾಲ್ಕು ಕೊಂಡಿಯವರೆಗೆ ಎಳೆಯುವುದನ್ನು ಕಲಿತರೆ ವೇದಿಕೆಯ ಮೇಲೆ ಬಾಯಿ ಒಣಗುವುದಿಲ್ಲ.

ಭಾರತದ ಸಂವಿಧಾನದ 51ನೇ ವಿಧಿ ಹೇಳುವಾಗ ಜಾಗ್ರತೆ. ಅಂತರರಾಷ್ಟ್ರೀಯ ಶಾಂತಿ, ಅಂತರರಾಷ್ಟ್ರೀಯ ಕಾನೂನಿಗೆ ಗೌರವ ಅದರಲ್ಲಿದೆ ನಿಜ, ಆದರೆ ಅದು ನಿರ್ದೇಶಕ ತತ್ವ. ಅದನ್ನು ಹಕ್ಕು ಎಂದು ಕರೆದರೆ ಕಾನೂನು ಓದಿದ ತೀರ್ಪುಗಾರರು ಪೆನ್ನು ಕೆಳಗಿಡುತ್ತಾರೆ. ಪ್ರಸ್ತಾವನೆಯ ‘ಭ್ರಾತೃತ್ವ’ ದೇಶದೊಳಗಿನ ಬಂಧುತ್ವದ ಮಾತು, ಅದನ್ನು ಗಡಿಯಾಚೆ ಎಳೆಯುವ ಮುನ್ನ ಒಂದು ವಾಕ್ಯದ ಸಮರ್ಥನೆ ಕೊಡಿ. ಮಾನವ ಹಕ್ಕುಗಳ ಮಂಡಳಿಯನ್ನೂ ಭದ್ರತಾ ಮಂಡಳಿಯನ್ನೂ ಬರೀ ‘ಮಂಡಳಿ’ ಎಂದು ಬೆರೆಸುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಮೊದಲ ಸಲ ಪೂರ್ತಿ ಹೆಸರು ಹೇಳಿ.

ತೀರ್ಪುಗಾರರಿಗೆ

100 ಅಂಕದಲ್ಲಿ ವಾದದ ತಿರುಳಿಗೆ 40, ಖಂಡನೆಗೆ 30, ಮಾಹಿತಿಯ ನಿಖರತೆಗೆ 20, ಮಾತಿನ ಶೈಲಿಗೆ 10 ಇಟ್ಟರೆ ಈ ವಿಷಯಕ್ಕೆ ಹೊಂದುತ್ತದೆ. ಶೈಲಿಗೆ ಹೆಚ್ಚು ಕೊಟ್ಟರೆ ವಚನ-ಸುಭಾಷಿತ ಪೋಣಿಸಿದವರು ಗೆಲ್ಲುತ್ತಾರೆ, ಕರಡು ಓದಿ ಬಂದ ಮಕ್ಕಳು ಸೋಲುತ್ತಾರೆ. ನಾಲ್ಕು ಪ್ರಶ್ನೆಗಳನ್ನು ನಿಮ್ಮ ಹಾಳೆಯಲ್ಲೂ ಬರೆದುಕೊಳ್ಳಿ. ಪರ ತಂಡ ನಾಲ್ಕಕ್ಕೂ ಉತ್ತರಿಸಿತೇ, ವಿರೋಧಿ ತಂಡ ಆ ಉತ್ತರಗಳನ್ನು ಮುಟ್ಟಿತೇ ಎಂದು ಗುರುತು ಹಾಕಿ. ಸಂಖ್ಯೆ ಅಥವಾ ದಿನಾಂಕ ಹೇಳಿದವರನ್ನು ಅದು ಯಾವ ದಸ್ತಾವೇಜಿನದು ಎಂದು ಕೇಳುವ ಅಧಿಕಾರ ನಿಮಗಿರಲಿ, ಈ ನಿಯಮವನ್ನು ಸ್ಪರ್ಧೆಯ ಸುತ್ತೋಲೆಯಲ್ಲೇ ಹಾಕಿಸಿ. ಕರಡಿನ ಎರಡೂ ಆವೃತ್ತಿ ವಿಶ್ವಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸುತ್ತೋಲೆಯ ಜೊತೆಗೇ ಮುದ್ರಿತ ಪ್ರತಿಯನ್ನು ಎಲ್ಲ ತಂಡಗಳಿಗೂ ಕಳುಹಿಸಿ. ಮನೆಯಲ್ಲಿ ಇಂಟರ್ನೆಟ್ ಸರಿಯಾಗಿ ಸಿಗದ ತಾಲ್ಲೂಕು ಕಾಲೇಜಿನ ವಿದ್ಯಾರ್ಥಿಗೂ ತಯಾರಿಗೆ ಕನಿಷ್ಠ ಎರಡು ವಾರ ಸಿಗುವಂತೆ ದಿನಾಂಕ ಗೊತ್ತುಮಾಡಿ.